ಕಣ್ಣೆತ್ತಿದರೆ ಹೌದು, ಇಳಿಸಿದರೆ ಬೇಡ

ಕೊರೊನಾ ಕಾಟ ಮುಗಿದು ಜನ ಮಾಸ್ಕ್ ಬಿಸಾಕಿದ ವರ್ಷ, ಹಿಂಗಾರಿ ಜೋಳ ಬಿತ್ತುವ ಹೊತ್ತಿನಲ್ಲಿ ನಡೆದದ್ದಿದು. ನಾವು ಮೂಡಲಗಿ ಹತ್ತಿರದ ಒಂದು ಹಳ್ಳಿಯವರು. ನಮ್ಮವರು, ನನ್ನ ಗಂಡ, ಕುರಿ ಮೇಯಿಸುತ್ತಿದ್ದರು. ನಾನು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಜಂಪರು ಹೊಲಿಯುತ್ತೇನೆ. ನಮ್ಮಿಬ್ಬರಲ್ಲಿ ಬಾಯಿ ಜೋರಿದ್ದದ್ದು ನನ್ನದೇ. ಮಾತೆಲ್ಲ ಕುರಿಗಳ ಮುಂದೆ ಖಾಲಿ ಮಾಡಿ ಬರುತ್ತೀರಿ ಎಂದು ನಾನು ಅವರನ್ನು ಕಾಡುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು.

ಅವತ್ತು ಹುಕ್ಕೇರಿ ಕಡೆ ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸಿದ್ದರು. ಬೆಳಿಗ್ಗೆ ತಲೆ ತಿರುಗುತ್ತದೆ ಎಂದು ಕೂತವರು ಅಲ್ಲೇ ಉರುಳಿಬಿಟ್ಟರಂತೆ. ಮೊದಲು ಗೋಕಾಕಕ್ಕೆ ಒಯ್ದರು, ಅಲ್ಲಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ. ನಾನು ಹೋಗಿ ನೋಡಿದಾಗ ಉಸಿರೇನೋ ತಾವೇ ಆಡುತ್ತಿದ್ದರು. ಆದರೆ ಮಾತಿಲ್ಲ, ಕೈಕಾಲಿನ ಒಂದು ಬೆರಳೂ ಅಲುಗುವುದಿಲ್ಲ. ಮೂಗಿನಲ್ಲಿ ಊಟದ ನಳಿಗೆ. ಕಣ್ಣು ತೆರೆದೇ ಇದ್ದವು. ಮೆದುಳಿಗೆ ಲಕ್ವ ಹೊಡೆದಿದೆ ಎಂದರು. ಇನ್ನು ಖಬರಿಲ್ಲ, ಏನೂ ತಿಳಿಯುವುದಿಲ್ಲ ಎಂದು ನಾವೇ ಅಂದುಕೊಂಡೆವು.

ವಾರ್ಡಿಗೆ ಹಾಕಿದ ಮೇಲೆ ಬೀಗರು ಬಿಜ್ಜರು ಟೆಂಪೋ ಮಾಡಿಕೊಂಡು ಬಂದರು. ಬೇನೆ ಬಿದ್ದವರನ್ನು ಮಾತಾಡಿಸಿಕೊಂಡು ಬರುವುದು ನಮ್ಮ ಕಡೆಯ ರೂಢಿ. ಬಾಳೆಹಣ್ಣು, ಬಿಸ್ಕೀಟು ತರುತ್ತಾರೆ, ಮಂಚದ ಸುತ್ತ ಕೂರುತ್ತಾರೆ, ಇಂಥದ್ದೇ ಬೇನೆಯಲ್ಲಿ ತೀರಿಕೊಂಡವರ ಸುದ್ದಿಯನ್ನೆಲ್ಲ ಹೇಳುತ್ತಾರೆ. ಮಲಗಿದವರನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ. "ನಮ್ಮ ಸೋದರಮಾವಗೂ ಹಿಂಗ ಆಗಿತ್ತವ್ವಾ, ಭಾಳ ದಿನಾ ಬಾಳಲಿಲ್ಲ" ಎಂದರು ಒಬ್ಬರು. ನಮ್ಮವರ ಅಣ್ಣ, ಅಂದರೆ ನಮ್ಮ ಭಾವ, ಮಂಚದ ಕಾಲ ಬಳಿ ಕೂತು ಹಿರಿಯರ ಜೊತೆ ಮಣ್ಣು ಎಲ್ಲಿ ಮಾಡುವುದು ಎಂಬ ಮಾತು ತೆಗೆದರು. "ಹೊಲದಾಗ ಮಾಡಿದ್ರ ಮುಂದ ತ್ರಾಸ ಆಗ್ತೈತಿ. ಊರ ಮಸಣದಾಗ ಮಾಡೂಣು" ಎಂದರು. ಒಬ್ಬ ಅತ್ತೆಯಂತೂ ನನ್ನ ಕೈ ಹಿಡಿದು, "ಬಳಿ ಕೈತುಂಬ ಹಾಕ್ಕೊಳವ್ವಾ, ಇನ್ನ ಎಷ್ಟ ದಿನಾನೋ ಏನೋ" ಎಂದು ಅತ್ತಳು. ಅವಳ ಬಾಳೆಹಣ್ಣಿನ ಚೀಲ ಅವಳ ಕೈಗೇ ಕೊಟ್ಟು ಹೊರಗೆ ಕಳಿಸಿದೆ.

ಅದಾದ ಮೇಲೆ ಒಂದು ಮಧ್ಯಾಹ್ನ ಒಬ್ಬ ಲೇಡಿ ಡಾಕ್ಟರು ಬಂದರು. ಧಾರವಾಡ ಕಡೆಯವರು. ಮೆದುಳಿನ ಕಾಂಡ ಎಂಬ ಭಾಗದ ಮೇಲೆ, ಅದು ಕೆಟ್ಟರೆ ಬರುವ ಬೇನೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದರಂತೆ. ನಮ್ಮವರನ್ನೂ ಅದಕ್ಕೆ ಸೇರಿಸಿಕೊಳ್ಳಬಹುದೇ ಎಂದು ಕೇಳಿದರು. "ಸಹಿ ಎಲ್ಲಿ ಮಾಡೂದು ಹೇಳ್ರಿ" ಎಂದು ಭಾವ ಎದ್ದು ನಿಂತರು.

"ಸಹಿ ಆಮ್ಯಾಲ ರಿ. ಮೊದ್ಲ ಅವರನ್ನ ಕೇಳ್ತೇನಿ" ಎಂದರು ಡಾಕ್ಟರು.

ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಡಾಕ್ಟರು ನಮ್ಮವರ ಮೇಲೆ ಬಗ್ಗಿ, "ಬೀರಪ್ಪನವರ, ನನ್ನ ಮಾತು ಕೇಳಾಕತ್ತಿದ್ರ ಕಣ್ಣ ಮ್ಯಾಲೆತ್ರಿ" ಎಂದರು.

ನಮ್ಮವರ ಕಣ್ಣು ಮೇಲೆ ಹೋದವು.

"ಇವರು ನಿಮ್ಮ ತಂಗಿ ಏನ್ರಿ? ಅಲ್ಲ ಅಂದ್ರ ಕೆಳಗ ನೋಡ್ರಿ." ಕಣ್ಣು ಕೆಳಗೆ ಬಂದವು. "ಹೆಂಡ್ತಿ ಏನ್ರಿ?" ಮತ್ತೆ ಮೇಲೆ.

ಡಾಕ್ಟರು ನಮಗೆ ತಿಳಿಯುವ ಹಾಗೆ ಹೇಳಿದರು. "ಮೆದುಳು ಕುತ್ತಿಗಿ ಕಡೆ ಇಳಿಯೂ ಜಾಗಾದಾಗ ಈ ಕಾಂಡ ಐತ್ರಿ. ಮೆದುಳಿನ ಹುಕುಮೆಲ್ಲಾ ಇದರಾಗ ಹಾದು ಮೈಗೆ ಹೋಗಬೇಕು. ಇವರಿಗೆ ಅಲ್ಲೇ ಪೆಟ್ಟು ಬಿದ್ದೈತಿ. ಮ್ಯಾಲಿನ ಮೆದುಳು ನೆಟ್ಟಗೈತಿ. ಎಲ್ಲಾ ಕೇಳಸ್ತೈತಿ, ಎಲ್ಲಾ ತಿಳೀತೈತಿ."

ನಾನು ಮಂಚಕ್ಕೆ ಆತುಕೊಂಡು ಕೇಳಿದೆ, "ರೀ, ಮೊದಲಿನಿಂದ ಎಲ್ಲಾ ಕೇಳಾಕತ್ತಿತ್ತೇನ್ರಿ?" ಕಣ್ಣು ಮೇಲೆ ಹೋದವು. ನೀರು ಕಿವಿಯ ಕಡೆಗೆ ಇಳಿಯಿತು. ಭಾವ ಹಣೆ ಹಣೆ ಬಡಿದುಕೊಂಡು ಹೊರಗೆ ಹೋದರು. ಮಣ್ಣಿನ ಮಾತು, ಬಳೆಯ ಮಾತು, ಎಲ್ಲವನ್ನೂ ಅವರು ಅಲ್ಲೇ ಮಲಗಿ ಕೇಳಿದ್ದರು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಇದರಿಂದ ನಿಮಗ ಆರಾಮ ಆಗ್ತೈತಿ ಅಂತ ನಾ ಹೇಳೂದಿಲ್ರಿ. ಮುಂದ ಇಂಥಾ ಬ್ಯಾನಿ ಬಂದವ್ರಿಗೆ ಉಪಯೋಗ ಆದೀತು. ಒಪ್ಪಿಗಿ ಐತೇನ್ರಿ?" ನಮ್ಮವರು ಕಣ್ಣೆತ್ತಿದರು.

ಮನೆಗೆ ಕರೆತಂದ ಮೇಲೆ ಆ ಚಳಿಗಾಲವೆಲ್ಲ ನಾವು ಹಾಗೇ ಮಾತಾಡಿದೆವು. ಕಂಬಳಿ ಬೇಕೇನ್ರಿ, ಕಿಟಕಿ ತೆಗೀಲೇನ್ರಿ ಎಂದು ಒಂದೊಂದಾಗಿ ಕೇಳಬೇಕು. ಭಾವ ಕುರಿ ಮೇಯಿಸಿ ಬಂದವರು ಕೈಕಾಲು ತೊಳೆದು ನೇರವಾಗಿ ತಮ್ಮನ ಹತ್ತಿರ ಕೂರುತ್ತಿದ್ದರು. ಯಾವ ಕುರಿ ಈಯಿತು, ಯಾವುದಕ್ಕೆ ಕಾಲುಬೇನೆ, ಎಲ್ಲ ವರದಿ ಒಪ್ಪಿಸುತ್ತಿದ್ದರು. ನೋಡಲು ಬಂದವರು ನನ್ನನ್ನು ಕೇಳಿದರೆ, "ಅವನ್ನ ಕೇಳ್ರಿ, ಹೇಳ್ತಾನ" ಎನ್ನುತ್ತಿದ್ದರು ಭಾವ. ಮಣ್ಣಿನ ಮಾತನ್ನೂ ಅವರೇ ಒಂದು ದಿನ ಬಾಗಿಲು ಹಾಕಿಕೊಂಡು ಕೇಳಿದರಂತೆ. ನಮ್ಮವರು ಹೊಲವನ್ನೇ ಒಪ್ಪಿದರಂತೆ.

ಬೇಸಿಗೆಯಲ್ಲಿ ಜ್ವರ ಹಿಡಿಯಿತು. ಉಸಿರು ಗೊರಗೊರ ಎನ್ನತೊಡಗಿತು. ಕಫ ಎದೆಗೆ ಇಳಿದಿದೆ, ಬೆಳಗಾವಿಗೆ ಒಯ್ದು ಗಂಟಲಿಗೆ ತೂತು ಮಾಡಿ ಉಸಿರಿನ ಯಂತ್ರಕ್ಕೆ ಹಾಕಬೇಕಾದೀತು ಎಂದರು ಮೂಡಲಗಿಯಿಂದ ಬಂದು ನೋಡಿದ ಡಾಕ್ಟರು. ಆಂಬುಲೆನ್ಸ್ ಬಂದು ಬಾಗಿಲಲ್ಲಿ ನಿಂತಿತು. ನಾನು ಬಟ್ಟೆ ತುಂಬಿಕೊಳ್ಳುತ್ತಿದ್ದೆ.

"ಅವನ್ನ ಕೇಳದ ಎತ್ತೂದು ಬ್ಯಾಡ ತಂಗಿ" ಎಂದರು ಭಾವ.

ನನಗೆ ಕೇಳುವ ಮನಸ್ಸಿರಲಿಲ್ಲ. ಕೇಳಿದೆ. "ಬೆಳಗಾವಿಗೆ ಹೋಗೂಣೇನ್ರಿ?"

ಕಣ್ಣು ಕೆಳಗೆ ಇಳಿದವು.

ಜ್ವರದಲ್ಲಿ ತಿಳಿದಿರಲಿಕ್ಕಿಲ್ಲ ಎಂದುಕೊಂಡು ತಿರುಗಿಸಿ ಕೇಳಿದೆ. "ಮನ್ಯಾಗ ಇರ್ತೀರೇನ್ರಿ?" ಮೇಲೆ ಹೋದವು. ನನಗೆ ತಡೆಯಲಾಗಲಿಲ್ಲ. "ಹಂಗಾದ್ರ ನನ್ನ ಬಿಟ್ಟು ಹೋಗ್ತೀರೇನ್ರಿ?" ಎಂದುಬಿಟ್ಟೆ. ಅದಕ್ಕೆ ಅವರು ಮೇಲೂ ನೋಡಲಿಲ್ಲ, ಕೆಳಗೂ ನೋಡಲಿಲ್ಲ. ನನ್ನನ್ನೇ ನೋಡುತ್ತ ಮಲಗಿದ್ದರು. ಆಂಬುಲೆನ್ಸ್ ವಾಪಸ್ ಕಳಿಸಿದೆವು. ಮರುದಿನ ಹೊತ್ತೇರುವ ಮೊದಲೇ ಅವರು ಹೋದರು.

ಒಯ್ದಿದ್ದರೆ ಉಳಿಯುತ್ತಿದ್ದನೇನೋ ಎನ್ನುವವರು ಊರಲ್ಲಿ ಈಗಲೂ ಇದ್ದಾರೆ. ಅವರ ನೀರಿಳಿಸಿ ಕಳಿಸುತ್ತೇನೆ. ಆದರೆ ಹೊಲಿಯುತ್ತ ಒಬ್ಬಳೇ ಕೂತಾಗ ನನಗೂ ಅದೇ ಅನ್ನಿಸುತ್ತದೆ. ಕೇಳದೇ ಎತ್ತಿಕೊಂಡು ಹೋಗಿಬಿಡಬೇಕಿತ್ತು ಎಂದು ದುಃಖ ಒತ್ತರಿಸಿ ಬರುತ್ತದೆ. ಆಮೇಲೆ ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ. ಅಷ್ಟು ವರ್ಷದ ಸಂಸಾರದಲ್ಲಿ ಎಲ್ಲದಕ್ಕೂ ನನ್ನ ಮಾತೇ ನಡೆದಿತ್ತು. ಅದೊಂದು ಸಲ ಅವರ ಮಾತು ನಡೆಯಿತು.