ಹೋಗಿ ಬಾ ಎನ್ನುತ್ತಿದ್ದವರು

ಕಲಬುರಗಿಯ ನಮ್ಮ ಗೋದಾಮಿನಲ್ಲಿ ವಿಮಾನಕ್ಕೆ ಹೋಗುವ ಸರಕನ್ನು ಅಲ್ಯೂಮಿನಿಯಂ ಹಲಗೆಗಳ ಮೇಲೆ ಪೇರಿಸಿ, ಬಲೆ ಬಿಗಿದು, ಲಾರಿಯಲ್ಲಿ ಹೈದರಾಬಾದಿಗೆ ಕಳಿಸುತ್ತಿದ್ದೆವು. ಬಲೆ ಬಿಗಿಯುತ್ತಿದ್ದವರು ಕಮಲಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹಿರಿಯರು. ಎಲ್ಲರಿಗೂ ಕಾಕಾ. ಕೊನೆಯ ಕೊಕ್ಕೆ ಹಾಕಿದ ಮೇಲೆ ಸರಕನ್ನು ಎರಡು ಸಲ ತಟ್ಟಿ, "ಹೋಗಿ ಬಾರಪಾ" ಅನ್ನುತ್ತಿದ್ದರು. ಒಂದು ವಾರ ಎಣಿಸಿದೆ: ಮೂವತ್ತೊಂದು ಹಲಗೆ, ಮೂವತ್ತೊಂದು ಸಲ.

"ಕಾಕಾ, ನಿಮ್ಮೂರ ಕೆಂಪು ಬಾಳೆಹಣ್ಣು ತಿರುಗಿ ಬರ್ತಾವೇನ್ರಿ?" ಎಂದು ಕೆಣಕಿದ್ದೆ.

"ಹಣ್ಣು ಯಾಕ ಬರ್ತಾವೋ ಶಾಣ್ಯಾ? ಹಲಗಿ, ಬಲಿ ಬರಬೇಕಲ್ಲ!"

ಒಂದು ಮಂಗಳವಾರ ಶವಪೆಟ್ಟಿಗೆಯೊಂದು ಬಂತು. ಕಟ್ಟಡದ ಕೆಲಸಕ್ಕೆ ಒಡಿಶಾದಿಂದ ಬಂದು ಇಲ್ಲಿ ತೀರಿಕೊಂಡವನದು. ಜೊತೆಗೆ ಅವನ ಅಣ್ಣ ಇದ್ದ. ಕಾಕಾ ಎಂದಿಗಿಂತ ನಿಧಾನವಾಗಿ ಬಲೆ ಬಿಗಿದರು, ಕೊಕ್ಕೆ ಹಾಕಿದರು, ತಟ್ಟಿದರು. ಎಂದಿನ ಆ ಮಾತೂ ಬಾಯಿಂದ ಬಿದ್ದೇಹೋಯಿತು.

ಸಾವಿನ ಮನೆಯಿಂದ ಏಳುವಾಗಲೂ ನಮ್ಮಲ್ಲಿ 'ಹೋಗಿ ಬರ್ತೀನಿ' ಅನ್ನುವುದಿಲ್ಲ. ಇಲ್ಲಿ ಸತ್ತವನಿಗೇ ಬಾ ಎಂದಂತಾಗಿತ್ತು. ಕಾಕಾ ಬಲೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

ಅವರು ಏನೆಂದರೆಂದು ಅಣ್ಣ ನನ್ನನ್ನು ಹಿಂದಿಯಲ್ಲಿ ಕೇಳಿದ. ನಾನು ಸುಳ್ಳೊಂದನ್ನು ಹುಡುಕುತ್ತಿದ್ದೆ. ಕಾಕಾ ತಾವೇ ಹೇಳಿದರು: "ಜಾಕೇ ಆ ಬೋಲ್ ದಿಯಾ, ಬೇಟಾ. ಗಲತಿ ಹೋ ಗಯೀ." ಹೋಗಿ ಬಾ ಅಂದುಬಿಟ್ಟೆ, ತಪ್ಪಾಯಿತು ಎಂದು ಕೈ ಮುಗಿದರು.

ಅವನು ಸಿಟ್ಟಾಗಲಿಲ್ಲ. ಊರು ಬಿಡುವ ದಿನ ತಾಯಿಯೂ ತಮ್ಮನಿಗೆ ಇದನ್ನೇ ಹೇಳಿದ್ದಳು ಎಂದ.

ಕಾಕಾ ತಲೆಯ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡರು. ಬಿಗಿಯಾಗಿಯೇ ಇದ್ದ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿ, ಮತ್ತೆ ಹಾಕತೊಡಗಿದರು. ಹೊತ್ತಾಯಿತೆಂದು ಲಾರಿಯವನೂ ಅನ್ನಲಿಲ್ಲ.