ನಲವತ್ತು ಕೆಜಿ ಟಗರು, ಎಂಟು ಗುಡ್ಡೆ

ಕೆಜಿಗೆ ಸಾವಿರದ ಆರು ರೂಪಾಯಿ ಬಿತ್ತು. ಅದೇ ದಿನ ನಮ್ಮ ಬೀದಿ ಕೊನೆಯ ಅಂಗಡಿಯಲ್ಲಿ ಒಂಬೈನೂರು ಇತ್ತು. ನಮ್ಮದು ದಲ್ಲಾಳಿ ಇಲ್ಲದ, ಅಂಗಡಿ ಬಾಡಿಗೆ ಇಲ್ಲದ, ಕುರಿ ಸಾಕಿದವರಿಂದಲೇ ನೇರವಾಗಿ ತಂದ ಮಾಂಸ. ಟಗರಿಗೆ ಹದಿನೈದು ಸಾವಿರದ ಇನ್ನೂರು, ಕೊಯ್ದು ಕೊಟ್ಟವರಿಗೆ ಏಳುನೂರು, ನನ್ನ ಗಾಡಿಯ ಪೆಟ್ರೋಲಿಗೆ ಇನ್ನೂರು. ಕೈಗೆ ಸಿಕ್ಕಿದ್ದು ಹದಿನಾರು ಕೆಜಿ. ಭಾಗಿಸಿ ನೋಡಿ, ಸಾವಿರದ ಆರು ರೂಪಾಯಿ ಇಪ್ಪತ್ತೈದು ಪೈಸೆ ಬರುತ್ತದೆ. ಇಷ್ಟು ದುಬಾರಿಯಾಗಲು ಕಾರಣ, ನನಗೆ ಯಾರೂ ಮೋಸ ಮಾಡಲಿಲ್ಲ ಅನ್ನುವುದು.

ಹೆಗ್ಗನಹಳ್ಳಿಯಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಮೊಳೆ, ಬೋಲ್ಟು, ಕಬ್ಬಿಣದ ತಂತಿ, ಎಲ್ಲ ತೂಕದ ವ್ಯಾಪಾರ. ಇಪ್ಪತ್ತು ವರ್ಷದಲ್ಲಿ ಒಂದು ಗೂಡಂಗಡಿಯಿಂದ ಮೂರು ಮಹಡಿ ಕಟ್ಟಡದವರೆಗೆ ಬಂದದ್ದು ಚೌಕಾಸಿಯಿಂದ. ಅದರಿಂದ ಬಂದ ಇನ್ನೊಂದು ಅಭ್ಯಾಸವೆಂದರೆ ಕೇಳದಿದ್ದರೂ ಬುದ್ಧಿ ಹೇಳುವುದು.

ಆ ವರ್ಷ ಬುದ್ಧಿ ಹೇಳಿಸಿಕೊಂಡವರು ನಮ್ಮ ನೆಲಮಹಡಿಯ ಬಾಡಿಗೆಯ ಅಕ್ಕ. ಗಾರ್ಮೆಂಟ್ಸಿಗೆ ಹೋಗುವವರು, ಗಂಡ ಇಲ್ಲ, ಒಬ್ಬಳೇ ಮಗಳನ್ನು ಕೆಂಗೇರಿಗೆ ಕೊಟ್ಟಿದ್ದರು. ಯುಗಾದಿಯ ಮಾರನೆಯ ದಿನ, ಮಾಂಸದೂಟದ ಹೊಸತೊಡಕಿಗೆ, ಬೀಗರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಹದಿನಾಲ್ಕು ಜನ. ಅದಕ್ಕಾಗಿ ಅಕ್ಕ ಬೀದಿ ಕೊನೆಯ ಅಂಗಡಿಯಲ್ಲಿ ಮಾಂಸದ ಚೀಟಿ ಕಟ್ಟುತ್ತಿದ್ದರು. ತಿಂಗಳು ತಿಂಗಳು ಇಷ್ಟು ಅಂತ ಕಟ್ಟಿದರೆ ಹಬ್ಬಕ್ಕೆ ಐದು ಕೆಜಿ ಬಾಡು ಖಾತ್ರಿ.

"ಚೀಟಿ ನಡೆಸೋನು ಧರ್ಮಕ್ಕೆ ನಡೆಸ್ತಾನಾ ಅಕ್ಕ? ದುಡ್ಡು ವಾಪಸ್ ತಗೊಳ್ಳಿ. ಈ ಸಲ ನಾವೇ ಟಗರು ತರೋಣ, ಗುಡ್ಡೆ ಹಾಕೋಣ," ಅಂದೆ.

ಗುಡ್ಡೆ ನಮ್ಮ ಕಡೆಯ ಹಳೆಯ ಪದ್ಧತಿ. ನಾಲ್ಕಾರು ಮನೆಯವರು ಸೇರಿ ಒಂದು ಕುರಿ ಹಿಡಿದು, ಕೊಯ್ಸಿ, ಮಾಂಸವನ್ನು ಕಣ್ಣಳತೆಯಲ್ಲೇ ಸಮನಾಗಿ ಗುಡ್ಡೆ ಮಾಡಿ ಹಂಚಿಕೊಳ್ಳುವುದು. ನಮ್ಮ ಕಟ್ಟಡ ಮತ್ತು ಪಕ್ಕದ ಕಟ್ಟಡ ಸೇರಿ ಏಳು ಮನೆ ಒಪ್ಪಿದವು. ಎಂಟು ಗುಡ್ಡೆ, ಚೀಟಿ ಬಿಡಿಸಿದ ಅಕ್ಕನಿಗೆ ಎರಡು. ಒಂದೊಂದು ಗುಡ್ಡೆ ಎರಡೂವರೆ ಕೆಜಿ ಅಂತ ಎಲ್ಲರಿಗೂ ಮಾತು ಕೊಟ್ಟೆ. ಗುಡ್ಡೆಗೆ ಕೆಜಿ ಹೇಳಿದ ಮೊದಲ ಮನುಷ್ಯ ನಾನೇ ಇರಬೇಕು.

"ನೋಡಣ್ಣ, ಎಲೆ ಮೇಲೆ ಎರಡನೇ ಸಲ ಬಡಿಸೋಕೆ ತುಂಡಿಲ್ಲ ಅಂದ್ರೆ ನನ್ ಮಗಳು ವರ್ಷವೆಲ್ಲಾ ಮಾತು ಕೇಳ್ಬೇಕು," ಅಂದರು ಅಕ್ಕ. "ಟಗರು ನೋಡೋಕೆ ನಾನೂ ಬರ್ತೀನಿ. ನಮ್ಮಪ್ಪ ಕುರಿ ಸಾಕ್ತಿದ್ರು. ಬೆನ್ನು ಮುಟ್ಟಿ ಹೇಳ್ತೀನಿ."

"ಬೆನ್ನು ಯಾಕೆ ಅಕ್ಕ, ಮಿಷನ್ ಇದೆ," ಅಂತ ಅಂಗಡಿಯ ನೇತುಹಾಕುವ ಡಿಜಿಟಲ್ ತಕ್ಕಡಿ ತೋರಿಸಿದೆ.

ಯುಗಾದಿಯ ಸಂಜೆ ಮಾಗಡಿ ರೋಡಿನಲ್ಲಿ ತಾವರೆಕೆರೆ ದಾಟಿ ಒಬ್ಬನೇ ಹೋದೆ. ಮಂದೆ ಆಗಷ್ಟೇ ಮೇದು ಬಂದಿತ್ತು. ಕುರಿ ಸಾಕಿದ ಮುದುಕರು ಒಂದು ಕಂದು ಟಗರನ್ನು ಕೊಂಬು ಹಿಡಿದು ನಿಲ್ಲಿಸಿದರು.

"ಹದಿನಾರು ಕೆಜಿ ಬಾಡು ಬೀಳ್ತದೆ ಸಾರ್. ಹದಿಮೂರು ಸಾವಿರ ಕೊಟ್ಬುಡಿ."

"ಅಂದಾಜು ಗಿಂದಾಜು ಬೇಡ ಯಜಮಾನ್ರೇ. ತೂಕ ಹಾಕಿ."

"ತೂಕಕ್ಕಾದ್ರೆ ಕೆಜಿ ನಾನೂರು. ಆದ್ರೆ ಈಗ ಬ್ಯಾಡ. ಹೊಟ್ಟೆ ತುಂಬಾ ಮೇದು ನೀರು ಕುಡ್ದವೆ. ಬೆಳಿಗ್ಗೆ ಬನ್ನಿ, ಹಾಕುವ."

ನನ್ನ ತಲೆ ಓಡಿದ್ದು ಇಲ್ಲೇ. ಬೆಳಿಗ್ಗೆ ಅಂದರೆ ಹೊಸತೊಡಕು, ರೇಟು ಏರಿಸುವ ಉಪಾಯ. ಹದಿನಾರು ಕೆಜಿ ಅಂದದ್ದು ನನ್ನನ್ನು ತೂಕದಿಂದ ತಪ್ಪಿಸುವ ಉಪಾಯ. ಅರ್ಧ ಗಂಟೆ ಜಗ್ಗಾಡಿ ನಾನೂರನ್ನು ಮುನ್ನೂರ ಎಂಬತ್ತಕ್ಕೆ ಇಳಿಸಿ, ಹುಣಸೆ ಮರದ ಕೊಂಬೆಗೆ ತಕ್ಕಡಿ ಕಟ್ಟಿ, ಗೋಣಿಚೀಲದ ಜೋಲಿಯಲ್ಲಿ ಟಗರನ್ನು ತೂಗಿದೆ. ನಲವತ್ತು ಕೆಜಿ! ಜೀವತೂಕದ ಅರ್ಧ ಮಾಂಸ ಅಂತ ಫೋನಿನಲ್ಲಿ ನೋಡಿಕೊಂಡು ಹೋಗಿದ್ದೆ. ಅಂದರೆ ಇಪ್ಪತ್ತು ಕೆಜಿ. ಪಾಪ, ಮುದುಕರಿಗೆ ತಮ್ಮ ಟಗರಿನ ಬೆಲೆಯೇ ಗೊತ್ತಿಲ್ಲ ಅಂತ ಒಳಗೊಳಗೇ ನಕ್ಕು, ಹದಿಮೂರು ಸಾವಿರ ಕೇಳಿದವರಿಗೆ ಹದಿನೈದು ಸಾವಿರದ ಇನ್ನೂರು ಎಣಿಸಿದೆ.

ಮುದುಕರು ದುಡ್ಡನ್ನೂ ನನ್ನ ಮುಖವನ್ನೂ ನೋಡಿದರು. "ನಾನು ಹೇಳೋದು ಹೇಳಿವ್ನಿ ಸಾರ್. ಆಮೇಲೆ ನನ್ನ ಬೈಕೊಬ್ಯಾಡಿ."

ಮಾರನೆಯ ಬೆಳಿಗ್ಗೆ ಅಲ್ಲೇ ಕೊಯ್ಸಿ, ದೊಡ್ಡ ಟಬ್ಬಿನಲ್ಲಿ ತುಂಬಿಸಿಕೊಂಡು ಬಂದೆ. ಪಾರ್ಕಿಂಗ್ ಜಾಗದಲ್ಲಿ ಬಾಳೆಲೆ ಹಾಸಿದೆವು, ಎಂಟು ಗುಡ್ಡೆ ಎದ್ದವು. ಮೂಳೆ, ಮೆತ್ತನೆ ಮಾಂಸ, ಈಲಿ, ಕೊಬ್ಬು ಎಲ್ಲಾ ಗುಡ್ಡೆಗಳಿಗೂ ಸಮನಾಗಿ ಬಿದ್ದಿತ್ತು. ನೋಡುವುದಕ್ಕೆ ಚೆನ್ನಾಗಿಯೇ ಇದ್ದವು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರೂ ಎತ್ತಿಕೊಂಡು ಹೋಗುತ್ತಿದ್ದರು. ಆದರೆ ತಕ್ಕಡಿ ಕೈಯಲ್ಲೇ ಇತ್ತು. ನನ್ನ ಮಾತು ಎಷ್ಟು ಗಟ್ಟಿ ಅಂತ ತೋರಿಸಬೇಕಿತ್ತು. ಮೊದಲ ಗುಡ್ಡೆಯನ್ನು ಕವರಿಗೆ ಹಾಕಿ ನೇತುಹಾಕಿದೆ.

ಎರಡು ಕೆಜಿ.

ಎರಡನೆಯದೂ ಎರಡು. ಮೂರನೆಯದು ಮುಟ್ಟಲು ಕೈ ಬರಲಿಲ್ಲ.

ಮೊದಲ ಮಹಡಿಯ ಬಸ್ ಡ್ರೈವರ್ ಸುಮ್ಮನಿರುವ ಮನುಷ್ಯನಲ್ಲ. "ಏನ್ ಸಾರ್, ನಾಲ್ಕು ಕೆಜಿ ಟಗರು ದಾರೀಲೇ ಎದ್ದು ಇಳ್ಕೊಂಡು ಹೋಯ್ತಾ? ಯಾವ ಸ್ಟಾಪು?"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ತಂದಿದ್ದ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ಕೇಳಿದರು: "ಟಗರು ಮೇದಿತ್ತಾ ಅಣ್ಣ, ತೂಗುವಾಗ?"

"ಮೇದಿತ್ತು."

"ನೀರು?"

"ಕುಡಿದಿತ್ತು."

"ಹಂಗಾದ್ರೆ ಹೊಟ್ಟೇಲಿರೋ ಹುಲ್ಲು, ನೀರು, ಹಿಕ್ಕೆ ಎಲ್ಲಾ ಮುನ್ನೂರ ಎಂಬತ್ತರ ಹಾಗೆ ತಗೊಂಡ್ರಿ." ಗಡಿಯಾರ ನೋಡಿದರು. "ಒಂದು ಗಂಟೆಗೆ ಬೀಗರು ಬರ್ತಾರೆ. ನಾಲ್ಕು ಕೆಜೀಲಿ ನಾನೇನ್ ಮಾಡ್ಲಿ?"

ನನ್ನ ಗುಡ್ಡೆಯ ಅರ್ಧವನ್ನು ಎತ್ತಿ ಅವರ ಮುಂದೆ ಹಿಡಿದೆ. ಬೇಡ ಅಣ್ಣ ಅನ್ನುತ್ತಾರೆ, ಆಗ ಸ್ವಲ್ಪ ಒತ್ತಾಯ ಮಾಡಿ ಕೊಡೋಣ ಅಂತ ಕಾದೆ. ಅವರು ಅನ್ನಲಿಲ್ಲ. ಪಾತ್ರೆ ಮುಂದಕ್ಕೆ ಚಾಚಿದರು. ಐದು ಕೆಜಿ ಆಯಿತು.

ಮೇಲೆ ಬಂದರೆ ಮನೆಯವಳು ಕವರು ಎತ್ತಿ ನೋಡಿದಳು. "ಊರಿಗೆಲ್ಲಾ ಬುದ್ಧಿ ಹೇಳಿ ಮನೆಗೆ ಇಷ್ಟೇನಾ ತಂದಿದ್ದು? ಹೋಗಿ ಇನ್ನೊಂದು ಕೆಜಿ ತನ್ನಿ."

ಬೀದಿ ಕೊನೆಯ ಅಂಗಡಿಯಲ್ಲಿ ಎರಡು ಸಾಲು. ಚೀಟಿಯವರ ಸಾಲು ಸರಸರ ಸಾಗುತ್ತಿತ್ತು. ನಮ್ಮ ಸಾಲು ಮೂಲೆ ತಿರುಗಿ ಬೇಕರಿವರೆಗೆ ಹೋಗಿತ್ತು. ಒಂದೂವರೆ ಗಂಟೆ ನಿಂತ ಮೇಲೆ ಅಂಗಡಿಯವನ ಕಣ್ಣಿಗೆ ಬಿದ್ದೆ.

"ಏನಣ್ಣ, ಈ ಸಲ ನೇರವಾಗಿ ಕುರಿಯೋರ ಹತ್ರಾನೇ ಅಂದ್ರಿ?"

"ತಂದ್ವಪ್ಪ. ನಿನ್ನದರ ಜೊತೆ ರುಚಿ ಹೋಲಿಸಿ ನೋಡೋಣ ಅಂತ ಬಂದೆ."

"ನೋಡಿ ಅಣ್ಣ, ನೋಡಿ. ಎಷ್ಟು ಕೆಜಿ ಹೋಲಿಸ್ತೀರಾ?"

ಮಧ್ಯಾಹ್ನ ಮೋಟರ್ ಹಾಕುವ ನೆಪದಲ್ಲಿ ಎರಡು ಸಲ ಕೆಳಗಿಳಿದೆ. ಎರಡನೇ ಸಲ ಅಕ್ಕನ ಬಾಗಿಲ ಹತ್ತಿರ, "ಸಾಕು ಬೀಗಿತಿ, ಎಲೇಲಿ ಜಾಗ ಇಲ್ಲ," ಅನ್ನುವ ಗಂಡಸಿನ ದನಿಯೂ, "ಇನ್ನೆರಡೇ ತುಂಡು," ಅನ್ನುವ ಅಕ್ಕನ ದನಿಯೂ ಕೇಳಿದವು. ಮೋಟರ್ ಹಾಕುವುದನ್ನು ಮರೆತು ಮೇಲೆ ಹೋದೆ.

ಸಂಜೆ ಅಕ್ಕ ಡಬ್ಬಿಯಲ್ಲಿ ಸಾರು ತಂದರು. ಟಗರು ಚೆನ್ನಾಗಿತ್ತು, ಮುದುಕರು ಒಳ್ಳೇ ಮಾಲೇ ಕೊಟ್ಟಿದ್ದಾರೆ ಅಂದರು. ಅದು ಇನ್ನೂ ಚುಚ್ಚಿತು. ಸುಳ್ಳು ಹೇಳುವ ವ್ಯಾಪಾರಿಯ ಜೊತೆ ನಾನು ಇವತ್ತಿಗೂ ಸೋತಿಲ್ಲ. ನಿಜ ಹೇಳುವವರ ಜೊತೆ ಚೌಕಾಸಿ ಮಾಡಿ ಅಭ್ಯಾಸವಿರಲಿಲ್ಲ. ಹೋಗುವ ಮುಂಚೆ ಅಕ್ಕ ನನ್ನ ಕೈಯನ್ನೇ ಮುಂದೆ ಮಾಡಿಸಿ ಒಂದು ಪಾಠ ಹೇಳಿಕೊಟ್ಟರು. ಬಿಟ್ಟಿಯಾಗಿ ಸಿಕ್ಕಿತು, ನಿಮಗೂ ಬಿಟ್ಟಿಯಾಗಿ ಕೊಡುತ್ತೇನೆ.

ಮುಷ್ಟಿ ಕಟ್ಟಿ, ಇನ್ನೊಂದು ಕೈಯಿಂದ ಬೆರಳ ಗೆಣ್ಣುಗಳನ್ನು ಸವರಿ ನೋಡಿ. ಟಗರಿನ ಬೆನ್ನು ಹೀಗೆ ಮುಳ್ಳುಮುಳ್ಳಾಗಿ ಸಿಕ್ಕರೆ ಬಿಟ್ಟು ಬನ್ನಿ. ಈಗ ಮುಷ್ಟಿ ಬಿಡಿಸಿ ಹೆಬ್ಬೆರಳ ಬುಡದ ದಪ್ಪ ಭಾಗ ಒತ್ತಿ. ಬೆನ್ನು ಹಾಗೆ ಮೆತ್ತಗಿದ್ದರೆ ಬರೀ ಕೊಬ್ಬು. ಇವೆರಡರ ನಡುವೆ ಇದ್ದರೆ ಹಿಡಿದುಕೊಳ್ಳಿ. ತೂಕಕ್ಕೇ ಕೊಳ್ಳುವ ಹಟವಿದ್ದರೆ ಬೆಳಿಗ್ಗೆ ಮೇಯಲು ಬಿಡುವ ಮೊದಲು ಹೋಗಿ. ಆಗಲೂ ಅರ್ಧ ಮಾಂಸ ಅನ್ನುವ ಫೋನಿನ ಮಾತು ನಂಬಬೇಡಿ, ನಲವತ್ತಕ್ಕೆ ಹದಿನೆಂಟು ಅಂದುಕೊಳ್ಳಿ. ಮನೆಯವರಿಗೆ, ನೆರೆಯವರಿಗೆ ಗುಡ್ಡೆ ಲೆಕ್ಕದಲ್ಲಿ ಮಾತು ಕೊಡಿ, ಕೆಜಿ ಲೆಕ್ಕದಲ್ಲಿ ಬೇಡ. ಸಾಕಿದವರು ಮೊದಲು ಹೇಳುವ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಚೌಕಾಸಿ ಮುಗಿದ ಮೇಲೆ ತೆಗೆದು ನೋಡಿ. ನೀವು ಕೊಡಲು ಹೊರಟಿರುವುದು ಅದಕ್ಕಿಂತ ಹೆಚ್ಚಿದ್ದರೆ ದುಡ್ಡನ್ನು ಜೇಬಿಗೆ ಹಾಕಿಕೊಂಡು ಒಂದು ಟೀ ಕುಡಿದು ಯೋಚಿಸಿ. ನಿಮ್ಮ ಕಟ್ಟಡದಲ್ಲಿ ಕುರಿ ಸಾಕಿದ ಮನೆಯ ಅಕ್ಕ ಯಾರಾದರೂ ಇದ್ದರೆ ಗಾಡಿಯ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ. ತಕ್ಕಡಿ ಅಂಗಡಿಯಲ್ಲೇ ಇರಲಿ. ಮೊಳೆ ನೀರು ಕುಡಿಯುವುದಿಲ್ಲ.