ಗೋಧಿಯಿಲ್ಲದ ಪ್ಯಾನ್‌ಕೇಕ್ ಹಿಟ್ಟು

ಬಸ್ಸಿಗೆ ಇನ್ನು ಹದಿನೈದು ನಿಮಿಷ ಇತ್ತು. ಹುಮನಾಬಾದಿನ ಹೆದ್ದಾರಿ ಪಕ್ಕದ ದೊಡ್ಡ ಅಂಗಡಿಯಲ್ಲಿ ನಿಂತು, ಮೊಬೈಲಿನ ಟಾರ್ಚ್ ಹಚ್ಚಿ, ಒಂದು ಪೊಟ್ಟಣದ ಬೆನ್ನು ಓದುತ್ತಿದ್ದೆ. ಮುಂಬದಿಯಲ್ಲಿ ಸಿರಿಧಾನ್ಯದ ತೆನೆ, ಜೇನು ಸುರಿದ ಪ್ಯಾನ್‌ಕೇಕ್, ನಗುವ ಮಗು. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರ. ರಾಗಿ, ಸಜ್ಜೆ, ಸಕ್ಕರೆ ದಾಟಿ ನಾಲ್ಕನೆಯ ಹೆಸರು ಗೋಧಿ. ಮುಖದಲ್ಲಿ ಸಿರಿಧಾನ್ಯ, ಬೆನ್ನಲ್ಲಿ ಗೋಧಿ! ಪೊಟ್ಟಣವನ್ನು ಕಪಾಟಿಗೆ ಕುಕ್ಕಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯವರೂ ಹಾಗೆ ಹೇಳುತ್ತಾರೆ, ಕಚೇರಿಯವರೂ ಹೇಳುತ್ತಾರೆ.

ನಾನು ಅಲ್ಲಿನ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಮಾಡುತ್ತೇನೆ. ಬಸವಕಲ್ಯಾಣದಿಂದ ದಿನಾ ಹೋಗಿ ಬರುವುದು. ಮಗಳಿಗೆ ಒಂಬತ್ತು ವರ್ಷ. ಹೋದ ವರ್ಷವೆಲ್ಲ ಅವಳ ಹೊಟ್ಟೆ ಉಬ್ಬುವುದನ್ನೂ ಕೈಕಾಲು ಕಡ್ಡಿಯಾಗುವುದನ್ನೂ ನೋಡಿ ನೋಡಿ, ಊರಿನ ದವಾಖಾನೆಗಳನ್ನೆಲ್ಲ ಸುತ್ತಿ, ಕೊನೆಗೆ ಕಲಬುರಗಿಯಲ್ಲಿ ಗೊತ್ತಾಯಿತು: ಗೋಧಿ ಅವಳ ಕರುಳಿಗೆ ಒಗ್ಗುವುದಿಲ್ಲ. ಜೀವನಪೂರ್ತಿ ಒಂದು ಚೂರೂ ಕೂಡದು.

“ಜ್ವಾಳದ ರೊಟ್ಟಿ ತಿನ್ನೋ ಮಂದಿ ನೀವು, ನಿಮಗ್ಯಾಕ ಚಿಂತಿರಿ?” ಎಂದು ಡಾಕ್ಟರು ನಕ್ಕರು.

ನನಗೆ ನಗು ಬರಲಿಲ್ಲ. ರೊಟ್ಟಿ ಜೋಳದ್ದು, ಒಪ್ಪಿದೆ. ಆದರೆ ಚಪಾತಿ, ಹೋಳಿಗೆ, ಹುಗ್ಗಿ, ಉಪ್ಪಿಟ್ಟು, ಚಹಾದ ಜೊತೆಗಿನ ಬಿಸ್ಕೀಟು? ಒಗ್ಗರಣೆಗೆ ಹಾಕುವ ಇಂಗಿನ ಡಬ್ಬಿಯ ಮೇಲೂ ಮೈದಾ ಎಂದು ಬರೆದಿರುತ್ತದೆ. ಅವಳಿಗೆ ಬೇರೆ ಹಂಚು, ಬೇರೆ ಸೌಟು, ಹಿಟ್ಟು ನಾದಲು ಬೇರೆ ಪರಾತ ಮಾಡಿದೆ. ಗಿರಣಿಯವನಿಗೆ ಹೇಳಿ, ಬೆಳಿಗ್ಗೆ ಕಲ್ಲು ಒರೆಸಿದ ಮೇಲೆ ಮೊದಲು ನಮ್ಮ ಜೋಳವನ್ನೇ ಬೀಸಿಸುತ್ತಿದ್ದೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ತಿನ್ನುವ ಖಾರಿ ಬಿಸ್ಕೀಟಿನ ಪೊಟ್ಟಣವನ್ನೂ ಕತ್ತು ಚಾಚಿ ಓದುತ್ತೇನೆ.

ಪ್ಯಾನ್‌ಕೇಕಿನ ಆಸೆ ಹುಟ್ಟಿದ್ದು ಶಾಲೆಯಲ್ಲಿ. ಒಂದೇ ಬೆಂಚಿನ ಗೆಳತಿ, ಕೋಟೆ ಕಡೆಯ ಓಣಿಯ ಬಳೆ ಅಂಗಡಿಯವರ ಹುಡುಗಿ, ಡಬ್ಬಿಯಲ್ಲಿ ತಂದಿದ್ದಳಂತೆ. ದುಂಡಗೆ, ಹತ್ತಿಯ ಹಾಗೆ ಮೆತ್ತಗೆ. ಮಗಳು ಮುಟ್ಟದೆ ನೋಡಿ ಬಂದಿದ್ದಳು. ನಾನು ಜೋಳದ ಹಿಟ್ಟಿಗೆ ಬೆಲ್ಲ ಹಾಕಿ ದಪ್ಪಗೆ ದೋಸೆ ಹೊಯ್ದು ಕೊಟ್ಟೆ. ಎರಡು ತುತ್ತು ತಿಂದು, “ಚಲೋ ಅದ ಮಮ್ಮಿ. ಉಬ್ಬಿಲ್ಲ ಅಷ್ಟ,” ಎಂದಳು. ಹಟ ಮಾಡಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ನನಗೆ ಬೇಜಾರಾಗಬಾರದೆಂದು ಮಾತನ್ನು ತೂಗಿ ಆಡಿದ್ದು ನೋಡಿ ಸಂಕಟವಾಯಿತು.

“ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು,” ಎಂದರು ಅತ್ತೆ. ಪ್ಯಾನ್‌ಕೇಕ್ ಹಿಟ್ಟಿನ ಬೆಲೆ ಕೇಳಿದ ಮೇಲೆ ಬಂದ ಮಾತು ಅದು. ನಾನು ಇಟ್ಟುಕೊಂಡ ಮಿತಿ ಇನ್ನೂರೈವತ್ತು ರೂಪಾಯಿ. ಅವಳ ಬಿಸ್ಕೀಟು, ಔಷಧಿ ಕಳೆದರೆ ತಿಂಗಳಿಗೆ ನನ್ನ ಕೈಖರ್ಚಿಗೆ ಉಳಿಯುವುದು ಅಷ್ಟೇ. ನಮ್ಮೂರಿನ ಅಂಗಡಿಯಲ್ಲಿ ಗ್ಲುಟೆನ್, ಅಂದರೆ ಗೋಧಿಯ ಅಂಟು, ಇಲ್ಲದ್ದು ಕೊಡಿ ಎಂದರೆ ಅಂಗಡಿಯವ ಸಕ್ಕರೆ ಇಲ್ಲದ ಬಿಸ್ಕೀಟು ಕೊಟ್ಟು, “ಎರಡೂ ಒಂದೇ ಅಕ್ಕೋರೆ,” ಎಂದ. ಮೊಬೈಲಿನಲ್ಲಿ ತರಿಸೋಣವೆಂದರೆ ಹಿಟ್ಟಿಗಿಂತ ಸಾಗಣೆಯದೇ ಭಾರ. ಹಾಗಾಗಿ ಎರಡು ವಾರ ಕಚೇರಿ ಬಿಟ್ಟ ಮೇಲೆ ಹುಮನಾಬಾದಿನ ಅಂಗಡಿಗಳನ್ನು ಒಂದೊಂದಾಗಿ ಜಾಲಾಡಿದೆ.

ಟಾರ್ಚ್ ಹಚ್ಚಿ ಓದಿದ ಆ ದಿನ ಕಪಾಟಿನಲ್ಲಿ ಮೂರು ಬಗೆ ಇದ್ದವು. ಅಗ್ಗದ್ದರಲ್ಲಿ ಗೋಧಿ. ಎರಡನೆಯದು ಅಂಗೈಯಗಲದ ಡಬ್ಬಿ, ಐನೂರರ ಮೇಲೆ. ನೋಡಿದ ಕಣ್ಣಿಗೂ ದುಡ್ಡು ಕೇಳುವಂಥದ್ದು. ಮೂರನೆಯದು ಅಕ್ಕಿ ಹಿಟ್ಟು ಮತ್ತು ಮೆಕ್ಕೆಜೋಳದ್ದು, ಗೋಧಿ ಇಲ್ಲವೆಂಬ ಗುರುತೂ ಇತ್ತು, ಬೆಲೆ ಇನ್ನೂರ ತೊಂಬತ್ತು. ಅದನ್ನು ಎತ್ತುವುದು, ಇಡುವುದು, ಮತ್ತೆ ಎತ್ತುವುದು. ಅಂಗಡಿಯವರು ನೋಡಿ ನೋಡಿ ಬಳಿಗೆ ಬಂದರು.

“ಅದು ಎರಡ ತಿಂಗಳಾಗ ತಾರೀಖ ಮುಗಿತದ್ರಿ. ಇನ್ನೂರ ಹತ್ತು ಕೊಡ್ರಿ, ಒಯ್ರಿ.”

“ಖರಾಬ ಆಗಿಲ್ಲಲ್ರಿ?”

“ಆಗಿದ್ರ ವಾಪಸ್ ತರ್ರಿ. ಅಂಗಡಿ ಎಲ್ಲಿಗಿ ಓಡಿ ಹೋಗ್ತದ?”

ಬಸ್ಸಿಗೆ ಓಡಿದೆ. ಹಳ್ಳಿಖೇಡ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ತುಂಬ ತುಂಬಿ, ಬಸ್ಸು ಆಮೆಯಾಗಿತ್ತು. ಅಷ್ಟು ಹೊತ್ತೂ ಆ ಪೊಟ್ಟಣದ ಬೆನ್ನನ್ನು ಮತ್ತೆ ಮತ್ತೆ ಓದಿದೆ. ಮನೆಗೆ ಬಂದವಳೇ ಹಿಟ್ಟನ್ನು ಅಡುಗೆಮನೆಯ ಸಣ್ಣ ಸ್ಟೀಲ್ ಡಬ್ಬಿಗೆ ಸುರಿದು, ಕೈಯಾಡಿಸಿ, ಮುಚ್ಚಳ ಬಿಗಿದೆ. ಖಾಲಿ ಪೊಟ್ಟಣವನ್ನು ಮಡಚಿ ಜೋಪಾನ ಮಾಡಿದೆ, ಮುಂದಿನ ಸಲ ಇದೇ ತರಬೇಕಲ್ಲ ಎಂದು.

ಮರುದಿನ ಬೆಳಿಗ್ಗೆ ಹಂಚಿನ ಮೇಲೆ ಅದು ಉಬ್ಬಿತು. ಮಗಳು ಸ್ಟೂಲ್ ಹಾಕಿಕೊಂಡು ನಿಂತು ಗುಳ್ಳೆ ಎಣಿಸಿದಳು. ಎರಡು ತಿಂದಳು, ಎರಡು ಡಬ್ಬಿಗೆ ಹಾಕಿಸಿಕೊಂಡಳು. “ಆಕಿಗೂ ಒಂದು ಒಯ್ತೀನಿ. ನಮ್ಮದೂ ಉಬ್ಬತದ ಅಂತ ತೋರಿಸ್ತೀನಿ.” ಆ ದಿನ ಬಸ್ಸಿನಲ್ಲಿ ನಾನು ಯಾರ ಪೊಟ್ಟಣವನ್ನೂ ಓದಲಿಲ್ಲ.

ಸಂಜೆ ಬಂದರೆ ಅವಳು ಹೊಟ್ಟೆ ಹಿಡಿದುಕೊಂಡು ಮುದುಡಿದ್ದಳು. ಎರಡು ಸಲ ವಾಂತಿಯಾಗಿತ್ತು. ನನಗೆ ತಲೆ ಕೆಟ್ಟಿತು. ಪೊಟ್ಟಣವನ್ನು ಅಕ್ಷರ ಅಕ್ಷರ ಓದಿದ್ದೆ, ಹಂಚು ಬೇರೆ, ಸೌಟು ಬೇರೆ. ಉಳಿದದ್ದು ಶಾಲೆ.

“ಸಾಲ್ಯಾಗ ಏನ್ ತಿಂದಿ?”

“ನನ್ನ ಡಬ್ಬಿದು ಬಿಟ್ಟು ಏನೂ ತಿಂದಿಲ್ಲ ಮಮ್ಮಿ.”

“ಆಕಿ ಏನ್ ಕೊಟ್ಟಳು?”

“ಏನೂ ಕೊಟ್ಟಿಲ್ಲ. ದೇವ್ರಾಣಿ.”

ವಕೀಲರ ಪಾಟೀಸವಾಲನ್ನು ಟೈಪ್ ಮಾಡಿ ಮಾಡಿ ನನಗೂ ಆ ವಿದ್ಯೆ ಹತ್ತಿದೆ. ಒಂದೇ ಪ್ರಶ್ನೆಯನ್ನು ಮುಂದಿನಿಂದ ಕೇಳಿದೆ, ಹಿಂದಿನಿಂದ ಕೇಳಿದೆ. ಎಷ್ಟು ಗಂಟೆಗೆ ಡಬ್ಬಿ ತೆರೆದಿರಿ, ಯಾರ ಕೈ ಯಾರ ಡಬ್ಬಿಗೆ ಹೋಯಿತು, ನೀರು ಯಾರ ಬಾಟಲಿಯದು. ಅತ್ತೆ, “ಸಾಕ ಬಿಡವ್ವ, ಕೂಸು ನರಳಾಕತ್ತದ,” ಎಂದರೂ ಬಿಡಲಿಲ್ಲ. ಅರ್ಧ ತಾಸಾದ ಮೇಲೆ ಮಗಳು ಗೋಡೆಗೆ ಮುಖ ತಿರುಗಿಸಿ, “ಹೂಂ, ತಿಂದೀನಿ. ಆಕಿ ಬಿಸ್ಕೀಟ ಕೊಟ್ಟಳು,” ಎಂದಳು.

ನಿಜ ಹೇಳುತ್ತೇನೆ, ನನಗೆ ಸಮಾಧಾನವಾಯಿತು. ಕಾರಣ ಸಿಕ್ಕಿತಲ್ಲ! ಮರುದಿನವೇ ಶಾಲೆಗೆ ಹೋಗಿ, ತರಗತಿಯ ಬಾಗಿಲಲ್ಲೇ ನಿಂತು ಟೀಚರಿಗೆ ಹೇಳಿದೆ: ಇವರಿಬ್ಬರನ್ನೂ ಬೇರೆ ಕೂರಿಸಿ, ಆ ಹುಡುಗಿ ನನ್ನ ಮಗಳಿಗೆ ಏನೇನೋ ತಿನ್ನಿಸುತ್ತಾಳೆ. ಎಲ್ಲ ಮಕ್ಕಳೂ ಕೇಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಟೀಚರು. ಆಗಲೇ ಆ ಹುಡುಗಿಯ ಪಾಟೀಚೀಲ ಹಿಂದಿನ ಬೆಂಚಿಗೆ ಹೋಯಿತು.

ಮಗಳು ಚೇತರಿಸಿಕೊಂಡಳು, ಆದರೆ ಮಾತು ಕಡಿಮೆಯಾಯಿತು. ಅವಳನ್ನು ಖುಷಿಪಡಿಸಲೆಂದು ಒಂದು ವಾರ ಬಿಟ್ಟು, ಭಾನುವಾರ, ಮತ್ತೆ ಪ್ಯಾನ್‌ಕೇಕ್ ಮಾಡಿದೆ. ಅವಳು ಮೂರು ತಿಂದಳು. ಇಡೀ ದಿನ ಮನೆ ಬಿಟ್ಟು ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹೊಟ್ಟೆ ಹಿಡಿದುಕೊಂಡಳು.

ಈ ಸಲ ಗೆಳತಿಯೂ ಇಲ್ಲ, ಬಿಸ್ಕೀಟೂ ಇಲ್ಲ. ಹಾಗಾದರೆ ಆ ಅಂಗಡಿಯವ! ತಾರೀಖು ಮುಗಿಯಲು ಬಂದದ್ದನ್ನು ಅಗ್ಗಕ್ಕೆ ತಲೆಗೆ ಕಟ್ಟಿದ್ದಾನೆ. ಸೋಮವಾರ ಅವನ ಮುಖಕ್ಕೆ ಎಸೆದು ಬರುತ್ತೇನೆಂದು, ಉಳಿದ ಹಿಟ್ಟನ್ನು ಅದರದೇ ಪೊಟ್ಟಣಕ್ಕೆ ವಾಪಸ್ ತುಂಬಲು ಕೂತೆ. ಬೈಗುಳಗಳನ್ನು ಮನಸ್ಸಿನಲ್ಲೇ ಜೋಡಿಸುತ್ತ ಚಮಚದಿಂದ ತುಂಬಿದೆ. ಎರಡು ಸಲ ಬಟ್ಟಲು ಬಟ್ಟಲು ತೆಗೆದ ಹಿಟ್ಟು. ಪೊಟ್ಟಣ ಅರ್ಧಕ್ಕೆ ನಿಲ್ಲಬೇಕಿತ್ತು. ಅದು ಬಾಯಿತನಕ ತುಂಬಿತು.

ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ಅತ್ತೆ ನೋಡಿ, “ನೋಡು, ತಗದಷ್ಟು ಹೆಚ್ಚಾಗ್ಯಾದ. ಬರಕತ್ ಅದ ನಿನ್ನ ಕೈಯಾಗ,” ಎಂದು ನಕ್ಕರು.

ನನ್ನ ಕೈ ನಿಂತುಹೋಯಿತು. ನಮ್ಮ ಮನೆಗಳಲ್ಲಿ ಹಿಟ್ಟಿನ ಡಬ್ಬಿಯನ್ನು ಪೂರ್ತಿ ಬರಿದು ಮಾಡುವುದಿಲ್ಲ. ಹೊಸದು ಸುರಿಯುವಾಗ ತಳದಲ್ಲಿ ಹಳೆಯದು ಒಂದೆರಡು ಹಿಡಿ ಇರಬೇಕು, ಹೊಸದರೊಡನೆ ಕೈಯಿಂದ ಕಲಸಬೇಕು. ಬರಕತ್, ಅಂದರೆ ಮನೆಯ ಸಮೃದ್ಧಿ, ಹೋಗಬಾರದೆಂದು ನನ್ನ ತವರಲ್ಲೂ ಹಾಗೇ, ಇಲ್ಲೂ ಹಾಗೇ. ಆ ಸ್ಟೀಲ್ ಡಬ್ಬಿ ಹೋಳಿಗೆಯ ಕಣಕಕ್ಕೆಂದು ಇಟ್ಟಿದ್ದ ಗೋಧಿ ಹಿಟ್ಟಿನದು. ಪೊಟ್ಟಣ ತಂದ ಸಂಜೆ ಅದನ್ನು ನಾನೇ ಖಾಲಿ ಮಾಡಿದ್ದೆ, ನಾನೇ ಎರಡು ಹಿಡಿ ಉಳಿಸಿದ್ದೆ, ನಾನೇ ಕಲಸಿದ್ದೆ. ಹಿಟ್ಟನ್ನು ಬೆಳಕಿಗೆ ಹಿಡಿದರೆ ಬಿಳಿಯ ನಡುವೆ ಗೋಧಿ ಹೊಟ್ಟಿನ ಕೆಂಪು ಚುಕ್ಕೆ. ಅಷ್ಟು ಸಣ್ಣ ಅಕ್ಷರ ಓದಿದ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಮಗಳ ಬಳಿ ಹೋಗಿ ಕೂತೆ. “ಡಬ್ಬ್ಯಾಗ ಗೋಧಿ ಹಿಟ್ಟಿತ್ತು. ನಾನೇ ಬಿಟ್ಟಿದ್ದೆ. ನಿಂಗ ಎರಡ ಸಲಾನೂ ನನ್ನಿಂದ್ಲೇ ಆಗ್ಯಾದ,” ಎಂದೆ. ಅವಳು ನನ್ನತ್ತ ಹೊರಳಿದಳು.

“ಮತ್ತ ಬಿಸ್ಕೀಟ?” ಎಂದು ಕೇಳಿದೆ.

“ತಿಂದಿಲ್ಲ.”

“ತಿಂದೀನಿ ಅಂತ ಯಾಕ ಅಂದಿ?”

“ನೀ ಬಿಡವಲ್ಲಿ ಆಗಿದ್ದಿ ಮಮ್ಮಿ. ತಿಂದೀನಿ ಅಂದಮ್ಯಾಲ ಬಿಟ್ಟಿ.”

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗನ್ನಲ್ಲ. ಟೀಚರಿಗೆ ಹೇಳಿ ಮತ್ತೆ ಒಂದೇ ಬೆಂಚಿಗೆ ಕೂರಿಸುತ್ತೇನೆ ಎಂದರೆ ಅವಳು ತಲೆಯಾಡಿಸಿದಳು. “ಟೀಚರಿಗಿ ಬ್ಯಾಡ, ಆಕಿಗಿ ಹೇಳು. ಆಕಿ ನನ್ ಸಂಗಟ ಮಾತಾಡವಲ್ಲಳು.”

ಕಚೇರಿಗೆ ತಡವಾಗುತ್ತದೆಂದು ಫೋನ್ ಮಾಡಿ, ಮಗಳು ಸುಧಾರಿಸಿಕೊಂಡ ದಿನ ಅವಳೊಡನೆ ಶಾಲೆಯ ಗೇಟಿನಲ್ಲಿ ನಿಂತೆ. ಒಂಬತ್ತು ವರ್ಷದ ಹುಡುಗಿಯ ಬಳಿ ತಪ್ಪೊಪ್ಪಿಕೊಳ್ಳಲು ಮಾತು ಹುಡುಕುತ್ತ ಅತ್ತಿಂದಿತ್ತ ಓಡಾಡಿದೆ. ಆ ಗೆಳತಿ ಬಂದಳು. ನನ್ನನ್ನು ಕಂಡದ್ದೇ ನನ್ನ ಮಗಳಿಂದ ನಾಲ್ಕು ಹೆಜ್ಜೆ ದೂರ ಸರಿದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು.

“ನೋಡ್ರಿ ಆಂಟಿ,” ಎಂದಳು. “ಈಗ ನಾ ಬರೇ ಅನ್ನ ತರಾಕತ್ತೀನ್ರಿ.”